ಹುಣಸೆ ಬೀಜ, ಸೈಕಲ್ ರಿಮ್ಮು, ಒಂದು ಕುರಿ: ಮೇವಿನ ಆಯ್ಕೆಯನ್ನು ಎಣಿಸಿ ತಿಳಿಯುವುದು ಹೇಗೆ

ನಾಲ್ಕು ವರ್ಷದ ಹಿಂದಿನ ಮಾತು. ಕೊಳವೆಬಾವಿಯ ಪಕ್ಕದ ಅರ್ಧ ಎಕರೆಗೆ ಹೈಬ್ರಿಡ್ ನೇಪಿಯರ್ ಎಂಬ ಮೇವಿನ ಹುಲ್ಲಿನ ಕಡ್ಡಿ ನೆಟ್ಟೆ. ಆಳೆತ್ತರ ಬೆಳೆಯಿತು. ನಮ್ಮ ಶಿರಾ ಕಡೆಯ ಒಣ ಬಯಲಲ್ಲಿ ಅಷ್ಟು ಹಸಿರು ಕಂಡರೆ ನೋಡಿದವರಿಗೇ ಹೊಟ್ಟೆ ತುಂಬಿದ ಹಾಗಾಗುತ್ತದೆ. ಕೊಯ್ದು ತಂದು ರೊಪ್ಪದಲ್ಲಿ ಹರಡಿದೆ. ಕುರಿಗಳು ಬಂದು ಮೂಸಿದವು, ಎಲೆಯ ತುದಿ ಕಿತ್ತವು, ಕಡ್ಡಿಯನ್ನೆಲ್ಲ ತುಳಿದು ಅದರ ಮೇಲೇ ಮಲಗಿ ಮೆಲುಕು ಹಾಕಿದವು. ಸೋದರಮಾವ ಬೇಲಿಗೆ ಕೈಯೂರಿ ನಿಂತು ನೋಡಿ, "ಹಸೂಗೆ ಮಾಡಿದ್ ಅಡ್ಗೇನ ಕುರೀಗ್ ಬಡಿಸ್ದಂಗೈತೆ ಕಣ್ಲಾ" ಅಂದರು.

ಆ ಮಾತು ಚುಚ್ಚಿತು. ಕುರಿ ಏನು ತಿನ್ನುತ್ತದೆ ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಗೊತ್ತಿದ್ದದ್ದು ಏನು ಬೆಳೆಯುತ್ತದೆ ಎಂಬುದಷ್ಟೆ. ಇವೆರಡರ ನಡುವಿನ ಅಂತರ ತಿಳಿಯಲು ನಾನು ಅಂದಿನಿಂದ ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಖರ್ಚಿಲ್ಲ. ಒಂದು ಹಿಡಿ ಹುಣಸೆ ಬೀಜ, ಎರಡು ತರದ ಕಾಳು, ಒಂದು ಹಳೆ ಸೈಕಲ್ ರಿಮ್ಮು, ನಾಲ್ಕು ಮಂಕರಿ, ಒಂದು ತಕ್ಕಡಿ ಇದ್ದರೆ ಸಾಕು. ಹತ್ತು ಕುರಿ ಇರುವವರಿಗೂ ನೂರು ಇರುವವರಿಗೂ ಇದು ಒಂದೇ.

ಮೊದಲು ಬಾಯಿ ನೋಡಿ

ಎಣಿಸುವ ಮುಂಚೆ ಒಂದು ಕುರಿಯನ್ನು ಹಿಡಿದು ತುಟಿ ಬಿಡಿಸಿ ನೋಡಿ. ಮೇಲುತುಟಿಯ ನಡುವೆ ಒಂದು ಸೀಳು ಇರುತ್ತದೆ. ಎರಡು ಭಾಗವೂ ಬೇರೆ ಬೇರೆಯಾಗಿ ಅಲುಗುತ್ತವೆ, ಹೆಚ್ಚುಕಡಿಮೆ ಬೆರಳುಗಳ ಹಾಗೆ. ಮೇಲೆ ಮುಂಹಲ್ಲಿಲ್ಲ, ಗಟ್ಟಿ ವಸಡು ಮಾತ್ರ. ಕೆಳಗೆ ಎಂಟು ಮುಂಹಲ್ಲು. ಹಸು ನಾಲಿಗೆ ಚಾಚಿ ಹುಲ್ಲನ್ನು ಸುತ್ತಿ ಹಿಡಿಗಟ್ಟಲೆ ಎಳೆದುಕೊಳ್ಳುತ್ತದೆ; ಅದಕ್ಕೆ ಒಂದೊಂದೇ ಎಲೆ ಆರಿಸುವ ವ್ಯವಧಾನವೂ ಇಲ್ಲ, ಸಾಮರ್ಥ್ಯವೂ ಇಲ್ಲ. ಕುರಿಯ ಮೂತಿ ಚೂಪು. ಮುಳ್ಳಿನ ನಡುವಿನ ಒಂದು ಚಿಗುರನ್ನು ಮುಳ್ಳು ತಾಕಿಸಿಕೊಳ್ಳದೆ ಕಿತ್ತು ತೆಗೆಯುತ್ತದೆ, ನೆಲಕ್ಕೆ ಎರಡು ಬೆರಳು ಎತ್ತರ ಉಳಿದ ಗರಿಕೆಯನ್ನೂ ಹೆರೆಯುತ್ತದೆ.

ಇದರಿಂದ ಅರ್ಥ ಮಾಡಿಕೊಳ್ಳಬೇಕಾದ ಸಂಗತಿ ಒಂದಿದೆ. ಕುರಿ ಆರಿಸುವುದು ಗಿಡವನ್ನಲ್ಲ, ಗಿಡದ ಭಾಗವನ್ನು. ಕಡ್ಡಿಗಿಂತ ಎಲೆ, ಒಣಗಿದ್ದಕ್ಕಿಂತ ಹಸಿಯದು, ಬಲಿತದ್ದಕ್ಕಿಂತ ಎಳೆಯದು. "ನೇಪಿಯರ್ ತಿನ್ನಲ್ಲ" ಎಂದು ನಾನು ಹೇಳಿಕೊಂಡು ತಿರುಗಿದ್ದು ತಪ್ಪು. ಅವು ನೇಪಿಯರ್‌ನ ಎಲೆ ತಿಂದಿದ್ದವು, ಕಡ್ಡಿ ಬಿಟ್ಟಿದ್ದವು.

ಹಲ್ಲನ್ನೂ ನೋಡಿ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದ್ದು (ಹಾಲುಹಲ್ಲು ಬಿದ್ದು ಬಂದ ದೊಡ್ಡ ಹಲ್ಲಿನ ಲೆಕ್ಕ ಇದು, ಎಂಟೂ ಬಂದರೆ ಬಾಯಿಗೂಡಿದ್ದು) ಎಂದು ಸಂತೆಯಲ್ಲಿ ವಯಸ್ಸಿಗಾಗಿ ನೋಡುತ್ತೇವಲ್ಲ, ಇಲ್ಲಿ ಮೇಯುವ ಶಕ್ತಿಗಾಗಿ ನೋಡಬೇಕು. ಹಲ್ಲು ಸವೆದ, ಉದುರಿದ ಮುದಿ ಕುರಿ ಗಿಡ್ಡ ಹುಲ್ಲನ್ನು ಕಚ್ಚಲಾರದೆ ಮೆತ್ತಗಿನ ಸೊಪ್ಪಿನ ಹಿಂದೆ ಹೋಗುತ್ತದೆ. ಅದನ್ನು ಎಣಿಕೆಗೆ ಇಟ್ಟುಕೊಂಡರೆ ಲೆಕ್ಕ ದಾರಿ ತಪ್ಪುತ್ತದೆ.

ಬಾಯಿಲೆಕ್ಕ

ಎಣಿಕೆಗೆ ನಾಲ್ಕು ಹಲ್ಲಿನ, ಮಂದೆಯ ನಡುವೆ ನಡೆಯುವ ಒಂದು ಹೆಣ್ಣು ಕುರಿ ಆರಿಸಿಕೊಳ್ಳಿ. ಮುಂದೆ ಓಡುವುದು ಬೇಡ, ಅದು ಆಸೆಬುರುಕ. ಹಿಂದುಳಿಯುವುದೂ ಬೇಡ, ಅದಕ್ಕೆ ಏನೋ ಕಾಯಿಲೆ ಇದ್ದೀತು. ನಿಮ್ಮನ್ನು ನೋಡಿ ಬೆದರದಂಥದ್ದು ಇರಬೇಕು. ನನ್ನದಕ್ಕೆ ಕಿವಿಯ ಹತ್ತಿರ ಕಪ್ಪು ಮಚ್ಚೆ, ಮಂದೆಯಲ್ಲಿ ಹುಡುಕುವುದು ಸುಲಭ.

ಬೆಳಿಗ್ಗೆ ರೊಪ್ಪದಿಂದ ಬಿಟ್ಟ ಕೂಡಲೇ ಎಣಿಸಬೇಡಿ. ಹಸಿದ ಕುರಿ ಆರಿಸುವುದಿಲ್ಲ, ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಅರ್ಧ ಗಂಟೆ ಮೇಯಲು ಬಿಡಿ. ತಲೆ ಎತ್ತಿ ಎತ್ತಿ ನೋಡುತ್ತ, ಎರಡು ಹೆಜ್ಜೆ ಇಟ್ಟು ಒಂದು ಬಾಯಿ ಕಚ್ಚುವ ಹದಕ್ಕೆ ಬಂದಾಗ ಶುರು ಮಾಡಿ.

ನಾಲ್ಕೈದು ಮಾರು ದೂರದಲ್ಲಿ, ಪಕ್ಕದಲ್ಲಿ ನಡೆಯಿರಿ. ಹಿಂದೆ ನಡೆದರೆ ಕಾಣುವುದು ಬಾಲ. ಕುರಿ ನಿಮಿಷಕ್ಕೆ ನಲವತ್ತು, ಐವತ್ತು ಸಲ ಕಚ್ಚುವುದರಿಂದ ಪ್ರತಿ ಬಾಯಿಯನ್ನೂ ಎಣಿಸಲು ಆಗದು. ಮನಸ್ಸಿನಲ್ಲೇ ನಿಧಾನವಾಗಿ ಹತ್ತು ಎಣಿಸಿ, ಹತ್ತಕ್ಕೆ ಬಂದಾಗ ಬಾಯಲ್ಲಿ ಏನಿದೆ ಎಂದು ಮಾತ್ರ ನೋಡಿ. ಹುಲ್ಲಾದರೆ ಬಲಜೇಬಿನಿಂದ ಒಂದು ಹುಣಸೆ ಬೀಜ ತೆಗೆದು ಅಂಗಿ ಜೇಬಿಗೆ ಹಾಕಿ. ನೆಲದ ಅಗಲ ಎಲೆಯ ಸೊಪ್ಪಾದರೆ ಒಂದು ಅವರೆಕಾಳು. ಬೇಲಿಯ ಎಲೆ, ಕಾಯಿ, ಚಿಗುರಾದರೆ ಒಂದು ತೊಗರಿಕಾಳು. ಹುಲ್ಲಿನಲ್ಲೇ ಜಾತಿ ಬೇರ್ಪಡಿಸಬೇಕೆಂದರೆ ಗರಿಕೆಗೆ ಹುಣಸೆ ಬೀಜ, ಉಳಿದ ಹುಲ್ಲಿಗೆ ಸಣ್ಣ ಕಲ್ಲು. ನಾಲ್ಕಕ್ಕಿಂತ ಹೆಚ್ಚು ತರ ಮಾಡಿಕೊಂಡರೆ ತಲೆ ಕೆಡುತ್ತದೆ. ನಾನು ಮೊದಲ ದಿನ ಏಳು ತರ ಮಾಡಿಕೊಂಡು ಹೋಗಿ, ಯಾವ ಕಾಳು ಯಾವುದಕ್ಕೆ ಎಂಬುದನ್ನೇ ಮರೆತು ವಾಪಸ್ ಬಂದೆ.

ಕಾಗದ, ಪೆನ್ನು ಯಾಕೆ ಬೇಡ ಎಂದರೆ, ಬರೆಯಲು ತಲೆ ಬಗ್ಗಿಸಿದ ಕ್ಷಣದಲ್ಲೇ ಕುರಿ ಹೊಸದೇನನ್ನೋ ತಿಂದಿರುತ್ತದೆ. ಕಾಳಿಗೆ ಕಣ್ಣು ಬೇಕಿಲ್ಲ, ಬೆರಳೇ ಗುರುತಿಸುತ್ತದೆ. ಹತ್ತು ನಿಮಿಷಕ್ಕೆ ಅರವತ್ತರ ಆಸುಪಾಸು ಕಾಳು ಸೇರುತ್ತವೆ. ಮೂರು ಕುರಿ, ಮೂರು ದಿನ ಹೀಗೆ ಎಣಿಸಿದರೆ ಐನೂರು ಕಾಳಿನ ಲೆಕ್ಕ. ಮನೆಗೆ ಬಂದು ಮೊರದ ಮೇಲೆ ಸುರಿದು ಬೇರ್ಪಡಿಸಿ, ಆಮೇಲೆ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಅಂಗಿ ಒಗೆಯಲು ಹಾಕುವ ಮುಂಚೆ ಜೇಬು ನೋಡಿ. ನಮ್ಮ ಮನೆಯಲ್ಲಿ ಒಮ್ಮೆ ವಾಷಿಂಗ್ ಮೆಷಿನ್ ನೀರು ಬಿಡದೆ ನಿಂತು, ರಿಪೇರಿಯವನು ಪೈಪಿನೊಳಗಿಂದ ಒಂದು ಹಿಡಿ ಹುಣಸೆ ಬೀಜ ತೆಗೆದು ನನ್ನ ಹೆಂಡತಿಯ ಮುಂದೆ ಇಟ್ಟಿದ್ದ.

ನೆಲದ ಲೆಕ್ಕ

ಇದನ್ನು ಬಿಟ್ಟರೆ ಮೇಲಿನದೆಲ್ಲ ವ್ಯರ್ಥ. ಕುರಿಯ ಬಾಯಲ್ಲಿ ಹೆಚ್ಚು ಕಂಡದ್ದೇ ಅದರ ಇಷ್ಟದ್ದು ಎಂದು ಹೇಳಲಾಗದು. ಹೊಲದ ತುಂಬ ಅದೇ ಇದ್ದರೆ ಬೇರೆ ಏನು ತಿಂದೀತು? ಮುದ್ದೆ ಮಾತ್ರ ಮಾಡಿದ ಮನೆಯಲ್ಲಿ ಎಲ್ಲರಿಗೂ ಮುದ್ದೆ ಇಷ್ಟ ಎಂದ ಹಾಗಾಗುತ್ತದೆ.

ಹಳೆ ಸೈಕಲ್ ರಿಮ್ಮು ತೆಗೆದುಕೊಂಡು, ಕುರಿ ಮೇದ ಜಾಗದಲ್ಲಿ ಬೆನ್ನ ಹಿಂದಕ್ಕೆ ಎಸೆಯಿರಿ. ಕಣ್ಣಿಟ್ಟು ಎಸೆದರೆ ಕೈ ತಾನಾಗಿ ಹಸಿರು ಕಂಡ ಕಡೆ ಹೋಗುತ್ತದೆ. ರಿಮ್ಮು ಬಿದ್ದ ಕಡೆ ಕೂತು ಒಳಗೆ ಏನೇನಿದೆ ನೋಡಿ: ಅರ್ಧ ಬರಿ ನೆಲ, ಕಾಲು ಭಾಗ ಹಂಚಿ ಹುಲ್ಲು, ಉಳಿದದ್ದು ಗರಿಕೆ, ಹೀಗೆ ಅಂದಾಜು ಸಾಕು. ಇಪ್ಪತ್ತು ಸಲ ಎಸೆದು ಸರಾಸರಿ ತೆಗೆಯಿರಿ.

ಈಗ ಎರಡನ್ನೂ ಪಕ್ಕ ಪಕ್ಕ ಇಡಿ. ನೆಲದ ಮೇಲಿನ ಮೇವಿನಲ್ಲಿ ಗರಿಕೆ ನೂರಕ್ಕೆ ಹತ್ತು ಪಾಲು ಇದ್ದು, ಕಾಳಿನ ಲೆಕ್ಕದಲ್ಲಿ ನೂರಕ್ಕೆ ನಲವತ್ತು ಬಂತು ಅಂದುಕೊಳ್ಳಿ. ಅದು ಹುಡುಕಿಕೊಂಡು ಹೋಗಿ ತಿಂದದ್ದು. ಹಂಚಿ ಹುಲ್ಲು ನೆಲದಲ್ಲಿ ಅರವತ್ತು, ಬಾಯಲ್ಲಿ ಇಪ್ಪತ್ತು ಬಂದರೆ ಅದು ಬೇರೆ ಗತಿಯಿಲ್ಲದೆ ತಿಂದದ್ದು. ಎರಡೂ ಸಮ ಬಂದರೆ ಸಿಕ್ಕಿತು, ತಿಂದಿತು, ಅಷ್ಟೆ. ಯಾವುದು ಹುಡುಕಿ ತಿಂದದ್ದು, ಯಾವುದು ಗತಿಯಿಲ್ಲದೆ ತಿಂದದ್ದು ಎಂಬ ಎರಡು ಪಟ್ಟಿ ಕೈಗೆ ಬಂದರೆ ನಿಮ್ಮ ಗೋಮಾಳದ ಜಾತಕವೇ ಸಿಕ್ಕ ಹಾಗೆ.

ಹುಡುಕಿ ತಿನ್ನುವ ಹುಲ್ಲಿಗೆ ಪ್ರತಿದಿನ ಕತ್ತರಿ ಬೀಳುತ್ತದೆ, ಬೇರು ಸೊರಗುತ್ತದೆ, ಬೀಜ ಕಟ್ಟುವ ಮುಂಚೆ ಮುಗಿಯುತ್ತದೆ. ಮುಟ್ಟದ್ದು ಮಾತ್ರ ಹೂ ಬಿಟ್ಟು ಬೀಜ ಉದುರಿಸುತ್ತದೆ. ವರ್ಷ ಕಳೆದ ಹಾಗೆ ಗೋಮಾಳದಲ್ಲಿ ತಂಗಡಿ, ಹಂಚಿ, ಲಂಟಾನ, ಕಾಂಗ್ರೆಸ್ ಗಿಡ ಉಳಿಯುವುದು ಇದರಿಂದಲೇ. "ಮುಂಚೆ ಇಲ್ಲಿ ಎಂಥ ಹುಲ್ಲಿತ್ತು" ಎಂದು ಹಿರಿಯರು ಹೇಳುವಾಗ ಎಲ್ಲರೂ ಮಳೆಯನ್ನು ಬೈಯುತ್ತಾರೆ. ಮಳೆಯದ್ದೂ ಪಾಲಿದೆ, ಒಪ್ಪಿದೆ. ಆದರೆ ಬಯಲನ್ನು ಹೀಗೆ ಸೋಸಿದ್ದು ಬಹುಮಟ್ಟಿಗೆ ನಮ್ಮ ಮಂದೆಗಳ ಬಾಯಿಯೇ ಎಂಬುದು ನನ್ನ ಅನಿಸಿಕೆ.

ಮಳೆ ನೋಡಿ ಪಟ್ಟಿ ಬದಲಿಸಿ

ಒಂದೇ ಸಲ ಎಣಿಸಿ ಮುಗಿಸಬೇಡಿ. ಒಂದು ಮಳೆಯಲ್ಲಿ ಹುಡುಕಿ ತಿಂದದ್ದನ್ನು ಇನ್ನೊಂದು ಮಳೆಯಲ್ಲಿ ಮೂಸಿಯೂ ನೋಡುವುದಿಲ್ಲ.

ಊಬು ಹುಲ್ಲು ಇದಕ್ಕೆ ಒಳ್ಳೆ ಸಾಕ್ಷಿ. ಮುಂಗಾರಿನಲ್ಲಿ ಎಳೆಯದಾಗಿದ್ದಾಗ ಕುರಿ ಬಾಯಿಟ್ಟು ಮೇಯುತ್ತದೆ. ತೆನೆ ಬಂದು ಊಬು ಬಲಿತ ಮೇಲೆ ಅದರ ಹತ್ತಿರ ಸುಳಿಯದು. ಸುಳಿದರೂ ಊಬು ಉಣ್ಣೆಗೆ ಸಿಕ್ಕಿ, ಒದ್ದೆಯಾದಾಗ ತಿರುಚಿಕೊಂಡು ಚರ್ಮದೊಳಕ್ಕೆ ಇಳಿಯುತ್ತದೆ. ಕಣ್ಣು, ತುಟಿ, ಗೊರಸಿನ ಸಂದಿ ಎಲ್ಲಾದರೂ ಸರಿ. ಹಾಗಾಗಿ ಊಬು ಹುಲ್ಲಿನ ಜಾಗವನ್ನು ಮಳೆಗಾಲದ ಮೊದಲ ಭಾಗದಲ್ಲೇ ಮೇಯಿಸಿ ಮುಗಿಸಿ. ಉಳಿದರೆ ತೆನೆ ಬಿಚ್ಚುವ ಮುಂಚೆ ಕೊಯ್ದು ಒಣಗಿಸಿ.

ಕಾಚಿ ಹುಲ್ಲಿನಂಥ ವಾಸನೆಯ ಹುಲ್ಲುಗಳು ಎಳೆಯದರಲ್ಲಿ ಒಂದಿಷ್ಟು ಬಾಯಿಗೆ ಹೋಗುತ್ತವೆ, ಬಲಿತಾಗ ಎಣ್ಣೆಯ ಘಾಟಿಗೆ ದೂರ. ಗರಿಕೆ ಮಾತ್ರ ಎಲ್ಲ ಕಾಲಕ್ಕೂ ಬೇಕು. ಅಣ್ಣೆಸೊಪ್ಪು, ಗೋಣಿಸೊಪ್ಪು ಮುಂತಾದ ಹೊಲದ ಕಳೆಗಳನ್ನು ಹುಲ್ಲು ಬಿಟ್ಟು ಮೊದಲು ತಿನ್ನುತ್ತವೆ. ಮಾಗಿ ಕಳೆದು ಬೇಸಿಗೆ ಹತ್ತಿರವಾದ ಹಾಗೆ ಅಂಗಿ ಜೇಬಲ್ಲಿ ತೊಗರಿಕಾಳು ಹೆಚ್ಚುತ್ತದೆ. ಅಂದರೆ ಯಲಚಿಯ ಎಲೆ, ಕರಿಜಾಲಿ ಮತ್ತು ಬಳ್ಳಾರಿ ಜಾಲಿಯ ಕಾಯಿ. ಬಳ್ಳಾರಿ ಜಾಲಿಯ ಎಲೆಯನ್ನು ಯಾವ ಕುರಿಯೂ ಇಷ್ಟಪಡದು, ಕಾಯಿಯನ್ನು ಬಿಡದು. ತಿಂದ ಬೀಜ ಹಿಕ್ಕೆಯಲ್ಲಿ ಹಾಗೇ ಹೊರಬಂದು ರೊಪ್ಪದ ಗೊಬ್ಬರದ ಜೊತೆ ನಿಮ್ಮ ಹೊಲಕ್ಕೇ ಹೋಗಿ ಮೊಳೆಯುತ್ತದೆ. ಗೊಬ್ಬರ ಚೆನ್ನಾಗಿ ಕೊಳೆತ ಮೇಲೆಯೇ ಹೊಲಕ್ಕೆ ಹಾಕಿ. ಅಷ್ಟಾದರೂ ನಾಲ್ಕು ಗಿಡ ಕೀಳುವ ಕೆಲಸ ಇದ್ದೇ ಇರುತ್ತದೆ.

ಇನ್ನು ಮುಂಗಾರಿನ ಮೊದಲ ಹಸಿರು. ಕೃತ್ತಿಕೆ, ರೋಹಿಣಿ ಮಳೆ ಬಿದ್ದು ವಾರ ಕಳೆದರೆ ಬಯಲು ದೂರದಿಂದ ಹಸಿರು ಬಟ್ಟೆ ಹಾಸಿದ ಹಾಗೆ ಕಾಣುತ್ತದೆ, ಕಾಲ ಕೆಳಗೆ ನೋಡಿದರೆ ಏನೂ ಇಲ್ಲ. ಕುರಿ ಒಣಹುಲ್ಲು ಮುಟ್ಟುವುದನ್ನು ಬಿಟ್ಟು ಆ ಮೊಳಕೆಯ ಹಿಂದೆ ದಿನವಿಡೀ ನಡೆಯುತ್ತದೆ. ಸಿಗುವುದು ಬರೀ ನೀರು. ನಡೆದ ದಣಿವಿಗೂ ಸಾಲದು. ವರ್ಷದಲ್ಲಿ ಕುರಿ ಇಳಿದುಹೋಗುವುದು ಬೇಸಿಗೆಯಲ್ಲಿ ಎಂದು ನಾವು ಅಂದುಕೊಂಡಿರುತ್ತೇವೆ. ತೂಗಿ ನೋಡಿ, ಈ ಹದಿನೈದು ದಿನದಲ್ಲೂ ಇಳಿಯುತ್ತದೆ. ಉಪಾಯ ಒಂದೇ: ಬಿಡುವ ಮುಂಚೆ ರೊಪ್ಪದಲ್ಲೇ ಒಣ ಕಡಲೆಕಾಯಿ ಬಳ್ಳಿಯೋ ಹುರುಳಿ ಹೊಟ್ಟೋ ಹಾಕಿ, ಹುಲ್ಲು ನಾಲ್ಕು ಬೆರಳು ಬರುವ ತನಕ ತಡವಾಗಿ ಬಿಟ್ಟು ಬೇಗ ಹೊಡೆದುಕೊಂಡು ಬನ್ನಿ. ಎಳೆಹುಲ್ಲು ಒಮ್ಮೆಲೇ ಹೊಟ್ಟೆಗೆ ಹೋದಾಗ ಬರುವ ಕರುಳುಬೇನೆಗೆ ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸಿರಬೇಕು. ನಮ್ಮಲ್ಲಿ ಚೆನ್ನಾಗಿ ಕೊಬ್ಬಿದ ಮರಿಯೇ ರಾತ್ರಿ ಬೆಳಗಾಗುವುದರಲ್ಲಿ ಸತ್ತಿದ್ದರೆ ಮೊದಲು ಅದರ ಮೇಲೇ ಅನುಮಾನ.

ಹೊತ್ತಿಗೊಂದು ರುಚಿ

ಇಂಗ್ಲೆಂಡಿನಲ್ಲಿ ರೈಗ್ರಾಸ್ ಹುಲ್ಲು ಮತ್ತು ಕ್ಲೋವರ್ ಎಂಬ ದ್ವಿದಳ ಮೇವನ್ನು ಪಕ್ಕ ಪಕ್ಕ ಬೆಳೆದು ಕುರಿ ಬಿಟ್ಟು ನೋಡಿದ ಪ್ರಯೋಗಗಳು ಬಹಳ ಹೆಸರಾದವು. ದ್ವಿದಳವೇ ರುಚಿ, ಬೇಗ ತಿನ್ನಲೂ ಸುಲಭ. ಹಾಗಾದರೆ ಅದನ್ನೇ ತಿಂದುಕೊಂಡು ಇರಬೇಕಿತ್ತಲ್ಲ? ಇಲ್ಲ. ದಿನದ ಮೇವಿನಲ್ಲಿ ನೂರಕ್ಕೆ ಸುಮಾರು 70 ಪಾಲು ದ್ವಿದಳ, 30 ಪಾಲು ಹುಲ್ಲು ಎಂಬಂತೆ ಬೆರೆಸಿಕೊಂಡವು. ಅದೂ ಬೆಳಿಗ್ಗೆ ದ್ವಿದಳ ಹೆಚ್ಚು, ಸಂಜೆಯಾದ ಹಾಗೆ ಹುಲ್ಲಿನ ಪಾಲು ಏರಿಕೆ. ರಾತ್ರಿಯಿಡೀ ಮೆಲುಕು ಹಾಕಲು ನಾರಿನ ಮೇವು ಬೇಕು ಎಂಬುದು ಒಂದು ವಿವರಣೆ. ಇನ್ನೊಂದು, ಹುಲ್ಲಿನ ಎಲೆಯಲ್ಲಿ ಹಗಲೆಲ್ಲ ಬಿಸಿಲಿಗೆ ಸಕ್ಕರೆ ಅಂಶ ಸೇರಿ ಸಂಜೆಗೆ ಸಿಹಿ ಹೆಚ್ಚುತ್ತದೆ ಎಂಬುದು. ಸಂಜೆ ಕೊಯ್ದು ಒಣಗಿಸಿದ ಮೇವನ್ನು ಬೆಳಿಗ್ಗೆ ಕೊಯ್ದದ್ದಕ್ಕಿಂತ ಕುರಿ, ಮೇಕೆ, ದನ ಮೂರೂ ಹೆಚ್ಚು ಇಷ್ಟಪಟ್ಟು ತಿಂದದ್ದನ್ನು ಅಮೆರಿಕದ ಪ್ರಯೋಗಗಳು ತೋರಿಸಿವೆ.

ನಮ್ಮಲ್ಲಿ ಕ್ಲೋವರ್ ಇಲ್ಲ. ಆದರೆ ಹುರುಳಿ, ಅಲಸಂದೆ, ಸ್ಟೈಲೋ, ಬೇಲಿಮೆಂತೆ, ಕಡಲೆಕಾಯಿ ಬಳ್ಳಿ ಇವೆ. ನಾನು ಬದಲಿಸಿಕೊಂಡದ್ದು ಇಷ್ಟು. ಮನೆಗೆ ತರುವ ಹಸಿಮೇವನ್ನು ಬೆಳಿಗ್ಗೆ ಕೊಯ್ಯುವುದು ಬಿಟ್ಟು ಇಳಿಹೊತ್ತಿಗೆ ಕೊಯ್ಯುತ್ತೇನೆ. ಬೆಳಿಗ್ಗೆ ಸ್ವಲ್ಪ ರಾಗಿ ಹುಲ್ಲು ತಿನ್ನಿಸಿ, ಇಬ್ಬನಿ ಆರಿದ ಮೇಲೆ ಸೊಪ್ಪು ಇರುವ ಹೊಲದ ಕಡೆ ಹೊಡೆಯುತ್ತೇನೆ. ಬರಿ ಹೊಟ್ಟೆಯಲ್ಲಿ ಒದ್ದೆ ದ್ವಿದಳ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಬೈಗಿನ ಹೊತ್ತಿಗೆ ಒರಟು ಹುಲ್ಲಿನ ಕಡೆ ತಿರುಗಿಸಿದರೆ, ಬೆಳಿಗ್ಗೆ ಮೂಸಿಬಿಟ್ಟ ಹುಲ್ಲಿಗೇ ಬಾಯಿಡುತ್ತವೆ.

ಇಬ್ಬನಿಯ ವಿಷಯ ಬಂತು. ಇಬ್ಬನಿ ಹುಲ್ಲು ಮೇಯಿಸಬೇಡ ಎಂದು ಹಟ್ಟಿಯ ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ಜಂತುಹುಳುವಿನ ಮರಿಗಳು ತೇವ ಇರುವಾಗ ಹುಲ್ಲಿನ ಮೇಲೆ ಹತ್ತಿಕೊಂಡಿರುತ್ತವೆ, ಅದರಲ್ಲೂ ನೆಲದಿಂದ ಮೂರು ನಾಲ್ಕು ಬೆರಳಿನೊಳಗೆ. ಬಿಸಿಲೇರಿದರೆ ಕೆಳಗಿಳಿಯುತ್ತವೆ. ಕುರಿಗೂ ಇದು ಒಂದು ಮಟ್ಟಿಗೆ ಗೊತ್ತು. ಹಿಕ್ಕೆ ಬಿದ್ದ ಜಾಗದ ಹುಲ್ಲನ್ನು ಮೂಸಿ ಬಿಟ್ಟು ಮುಂದೆ ಹೋಗುತ್ತದೆ. ಆದರೆ ಬೇರೆ ಹುಲ್ಲು ಸಿಗದಿದ್ದರೆ ಆ ಎಚ್ಚರ ಉಳಿಯದು.

ಮಂಕರಿ ಪರೀಕ್ಷೆ

ಹೊಸ ಮೇವು ಬೆಳೆಯಬೇಕೆಂದಿದ್ದರೆ ಅರ್ಧ ಎಕರೆ ನೆಡುವ ಮುಂಚೆ ಅರ್ಧ ಕೆ.ಜಿ. ತಿನ್ನಿಸಿ ನೋಡಿ. ನಾನು ಇದನ್ನು ಮಾಡಿದ್ದರೆ ನೇಪಿಯರ್ ಕಡ್ಡಿಯ ದುಡ್ಡು ಉಳಿಯುತ್ತಿತ್ತು.

ಬೆಳೆದವರ ಹತ್ತಿರ ಕೇಳಿ ಒಂದೊಂದು ಹೊರೆ ತನ್ನಿ. ನಾಲ್ಕು ಮಂಕರಿಗೆ ನಾಲ್ಕು ತರದ ಮೇವು, ತಲಾ 500 ಗ್ರಾಂ ತೂಗಿ ಹಾಕಿ. ಕತ್ತರಿಸಬೇಡಿ. ಕತ್ತರಿಸುವ ಯಂತ್ರಕ್ಕೆ ಕೊಟ್ಟರೆ ಎಲೆ, ಕಡ್ಡಿ ಬೆರೆತು ಕುರಿಯ ಆಯ್ಕೆಯೇ ಹೋಗುತ್ತದೆ, ನಿಮಗೆ ಏನೂ ತಿಳಿಯದು. ಮೂರು ಕುರಿಗಳನ್ನು ಒಟ್ಟಿಗೆ ಬಿಡಿ. ಒಂದೇ ಕುರಿಯನ್ನು ಮಂದೆಯಿಂದ ಬೇರ್ಪಡಿಸಿದರೆ ಅದು ತಿನ್ನುವುದು ಬಿಟ್ಟು ಅರಚುತ್ತ ಬೇಲಿ ಸುತ್ತುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನು ತೂಗಿ.

ಎರಡು ಎಚ್ಚರ. ಮಂಕರಿಗಳ ಜಾಗವನ್ನು ದಿನಾ ಅದಲುಬದಲು ಮಾಡಿ, ಯಾಕೆಂದರೆ ಕುರಿ ನಿನ್ನೆ ಚೆನ್ನಾಗಿದ್ದದ್ದು ಸಿಕ್ಕ ಮೂಲೆಗೇ ಇವತ್ತೂ ನುಗ್ಗುತ್ತದೆ. ಇನ್ನೊಂದು, ಮೊದಲ ಎರಡು ದಿನದ ಲೆಕ್ಕ ನಂಬಬೇಡಿ. ಹೊಸ ಮೇವನ್ನು ಕುರಿ ಅನುಮಾನದಿಂದಲೇ ನೋಡುವುದು: ಒಂದು ಚೂರು ತಿನ್ನುತ್ತದೆ, ಹೊಟ್ಟೆಯಲ್ಲಿ ಏನಾಯಿತು ಎಂದು ಕಾಯುತ್ತದೆ, ಚೆನ್ನಾಗಿ ಅನಿಸಿದರೆ ಮರುದಿನ ಹೆಚ್ಚು ತಿನ್ನುತ್ತದೆ. ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇದರ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಸತ್ವವಿಲ್ಲದ ಒಣಹುಲ್ಲಿಗೆ ಒಂದು ವಾಸನೆ ಬೆರೆಸಿ ತಿನ್ನಿಸಿ, ಆಮೇಲೆ ನೇರ ಹೊಟ್ಟೆಗೆ ಶಕ್ತಿ ಕೊಡುವ ಪದಾರ್ಥ ಸೇರಿಸಿದರೆ, ಕುರಿಮರಿಗಳು ಆ ವಾಸನೆಯ ಹುಲ್ಲನ್ನೇ ಇಷ್ಟಪಡತೊಡಗುತ್ತವೆ. ಅಂದರೆ ರುಚಿ ನಾಲಿಗೆಯಲ್ಲಿ ಮಾತ್ರ ಇಲ್ಲ, ಹೊಟ್ಟೆಯೂ ನಾಲಿಗೆಗೆ ಪಾಠ ಹೇಳುತ್ತದೆ. ಆದ್ದರಿಂದ ಪರೀಕ್ಷೆ ಕನಿಷ್ಠ ಐದು ದಿನ ನಡೆಯಲಿ. ಮೂರು, ನಾಲ್ಕು, ಐದನೇ ದಿನದ ತೂಕ ಲೆಕ್ಕಕ್ಕೆ ತೆಗೆದುಕೊಳ್ಳಿ.

ನನ್ನ ನೇಪಿಯರ್ ಕಥೆ ಮುಗಿಸಿಬಿಡುತ್ತೇನೆ. ಕಿತ್ತುಹಾಕಲಿಲ್ಲ. ಆಳೆತ್ತರ ಬಿಡುವುದನ್ನು ನಿಲ್ಲಿಸಿ, 40–45 ದಿನಕ್ಕೆ, ಎದೆಮಟ್ಟ ಬರುವ ಮುಂಚೆಯೇ ಕೊಯ್ಯತೊಡಗಿದೆ. ಎಲೆ ಹೆಚ್ಚು, ಕಡ್ಡಿ ಎಳೆ. ಈಗ ಉಳಿಯುವುದು ಕಮ್ಮಿ. ಬಲಿತದ್ದನ್ನು ಯಂತ್ರಕ್ಕೆ ಕೊಟ್ಟು ತುಂಡು ಮಾಡಿ ಹಾಕಿದರೂ ತಿನ್ನುತ್ತವೆ, ಆದರೆ ಅದು ಮೋಸದ ಊಟ. ಹೊಟ್ಟೆ ತುಂಬುತ್ತದೆ, ಮೈ ತುಂಬದು.

ತಾಯಿಯ ಪಾಠ

ಮರಿ ತನ್ನ ರುಚಿ ಕಲಿಯುವುದು ತಾಯಿಯ ಪಕ್ಕ ನಿಂತು. ತಾಯಿ ಬಾಯಿಟ್ಟ ಗಿಡದಲ್ಲೇ ಬಾಯಿಡುತ್ತದೆ, ತಾಯಿ ಮೂಸಿ ಬಿಟ್ಟದ್ದನ್ನು ಬಿಡುತ್ತದೆ. ಹಾಲಿನ ಜೊತೆ ಹುಲ್ಲು ಕಚ್ಚಲು ಕಲಿಯುವ ಆ ಕೆಲವು ವಾರದಲ್ಲಿ ತಿಂದದ್ದು ದೊಡ್ಡದಾದ ಮೇಲೂ ನೆನಪಿರುತ್ತದೆ. ಹೊಸ ಮೇವು ರೂಢಿ ಮಾಡಿಸಬೇಕೆಂದರೆ ಮರಿ ಇರುವ ತಾಯಿಗಳಿಗೇ ಮೊದಲು ಹಾಕಿ. ಒಂದು ವರ್ಷ ತಾಳ್ಮೆ ಬೇಕು.

ಇದರ ಇನ್ನೊಂದು ಮುಖ ಸಂತೆಯಲ್ಲಿ ಕೊಂಡ ಕುರಿ. ಅಕ್ಕಿರಾಂಪುರದ ಸಂತೆಯಿಂದಲೋ ದೂರದ ಬಳ್ಳಾರಿ ಕಡೆಯಿಂದಲೋ ತಂದ ಕುರಿಗೆ ನಿಮ್ಮ ಬೇಲಿಯ ಗಿಡ ಹೊಸದು. ನಾಲ್ಕು ದಿನ ಸರಿಯಾಗಿ ಮೇಯದು, ಇಲ್ಲವೇ ನಮ್ಮ ಕುರಿ ಮುಟ್ಟದ ನಂಜಿನ ಗಿಡಕ್ಕೆ ಬಾಯಿ ಹಾಕುತ್ತದೆ. ಒಂದು ವಾರ ರೊಪ್ಪದಲ್ಲೇ ಇಟ್ಟು ಮೇವು ಹಾಕಿ, ಆಮೇಲೆ ಹೊಟ್ಟೆ ತುಂಬಿದ ಸ್ಥಿತಿಯಲ್ಲಿ ಹಳೆ ಮಂದೆಯ ಜೊತೆ ಬಿಡಿ. ರೋಗ ತಡೆಯಲೂ ಈ ಬೇರೆ ಇಡುವಿಕೆ ಹೇಗೂ ಬೇಕೇ ಬೇಕು.

ಜಾಗ ಪಾಲು ಮಾಡುವುದು, ಬಿತ್ತುವುದು

ಸ್ವಂತ ಬೀಳು ಇರುವವರು ಅದನ್ನು ಏಳೆಂಟು ಪಾಲು ಮಾಡಿ, ಮಂದೆ ಕೂಡುವ ಬಲೆಯನ್ನೇ ಅಡ್ಡ ಕಟ್ಟಿ. ಒಂದು ಪಾಲಿನಲ್ಲಿ ಐದು ಆರು ದಿನ, ಅದಕ್ಕಿಂತ ಹೆಚ್ಚಿಲ್ಲ. ಎರಡು ಕಾರಣ. ಹೆಚ್ಚು ದಿನ ನಿಂತರೆ ಕುರಿ ಮೊದಲು ಕಚ್ಚಿದ ಗರಿಕೆಯ ಹೊಸ ಚಿಗುರನ್ನೇ ಮತ್ತೆ ಹುಡುಕಿ ಕಚ್ಚುತ್ತದೆ. ಮತ್ತೆ, ಹಿಕ್ಕೆಯಲ್ಲಿ ಬಿದ್ದ ಜಂತುಹುಳುವಿನ ಮೊಟ್ಟೆ ಒಡೆದು ಹುಲ್ಲಿಗೆ ಹತ್ತಲು ಬೇಕಾಗುವುದು ಬಿಸಿ, ತೇವ ಇದ್ದರೆ ಒಂದು ವಾರದ ಆಸುಪಾಸು. ಮಳೆಗಾಲದಲ್ಲಿ ಆ ಪಾಲಿಗೆ ಮತ್ತೆ ಬರುವುದು ತಿಂಗಳು ಕಳೆದ ಮೇಲೆ. ಗೋಮಾಳದಲ್ಲಿ ಇದು ಆಗದ ಮಾತು. ನೀವು ಬಿಟ್ಟ ಪಾಲಿಗೆ ಮರುದಿನ ಪಕ್ಕದ ಹಟ್ಟಿಯ ಮಂದೆ ಬಂದಿರುತ್ತದೆ. ಅಲ್ಲಿ ಊರಿನವರೆಲ್ಲ ಕೂತು ಒಪ್ಪಿದರೆ ಮಾತ್ರ ಸಾಧ್ಯ. ನಮ್ಮೂರಲ್ಲಿ ಎರಡು ಸಲ ಕೂತೆವು, ಎರಡು ಸಲವೂ ಟೀ ಕುಡಿದು ಎದ್ದೆವು.

ಬಿತ್ತುವವರಿಗೆ: ಮಳೆಯಾಶ್ರಿತ ಕೆಂಪು ಮಣ್ಣಿಗೆ ಅಂಜನ್ ಹುಲ್ಲು ಮತ್ತು ಸ್ಟೈಲೋ ಜೋಡಿ ಚೆನ್ನಾಗಿ ಒಗ್ಗುತ್ತದೆ. ಎಕರೆಗೆ ತಲಾ ಎರಡರಿಂದ ಮೂರು ಕೆ.ಜಿ. ಬೀಜ. ಅಂಜನ್ ಬೀಜ ಹತ್ತಿಯ ಹಾಗೆ ಹಗುರ, ಗಾಳಿಗೆ ಹಾರುತ್ತದೆ; ಒದ್ದೆ ಮರಳಿನಲ್ಲಿ ಕಲಸಿ ಎರಚಿ, ಮುಳ್ಳಿನ ಕೊಂಬೆ ಎಳೆದು ತೆಳ್ಳಗೆ ಮಣ್ಣು ಮುಚ್ಚಿ. ಆಳಕ್ಕೆ ಹೋದರೆ ಮೊಳೆಯದು. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ, ಬಿತ್ತುವ ಮುಂಚೆ ಕುದಿಯದ ಬಿಸಿನೀರಲ್ಲಿ ನಾಲ್ಕೈದು ನಿಮಿಷ ಅದ್ದಿ ತೆಗೆದು ನೆರಳಲ್ಲಿ ಆರಿಸಿ. ಮೊದಲ ವರ್ಷ ಕುರಿ ಬಿಡಬೇಡಿ, ಬೀಜ ಉದುರಲಿ. ಬೀಜಕ್ಕೆ, ಸಲಹೆಗೆ ತಿಪಟೂರು ತಾಲೂಕಿನ ಕೊನೇಹಳ್ಳಿಯಲ್ಲೂ ತುಮಕೂರು ಬಳಿಯ ಹಿರೇಹಳ್ಳಿಯಲ್ಲೂ ಕೃಷಿ ವಿಜ್ಞಾನ ಕೇಂದ್ರಗಳಿವೆ, ಹೋಗುವ ಮುಂಚೆ ಫೋನ್ ಮಾಡಿ ದಾಸ್ತಾನು ಕೇಳಿ.

ಸ್ಟೈಲೋ ಬಿತ್ತಿ ಮಳೆಗಾಲದಲ್ಲೇ ಕುರಿ ಬಿಟ್ಟವರು "ಇದನ್ನ ತಿನ್ನಲ್ಲ" ಎಂದು ಬೈಯುವುದನ್ನು ಕೇಳಿದ್ದೇನೆ. ಹುಲ್ಲು ಎಳೆಯದಾಗಿರುವಾಗ ಹುಲ್ಲನ್ನೇ ತಿನ್ನುತ್ತವೆ. ಚಿತ್ತೆ, ಸ್ವಾತಿ ಕಳೆದು ಹುಲ್ಲು ಬಲಿತು ಒಣಗಿದ ಮೇಲೆ ಹಸಿರಾಗಿ ಉಳಿದ ಸ್ಟೈಲೋಗೆ ತಾವಾಗಿ ತಿರುಗುತ್ತವೆ. ಅದನ್ನು ಬಿತ್ತುವುದೇ ಆ ಹೊತ್ತಿಗೆ ಬೇಕೆಂದು.

ಬಾಯಿ ತಪ್ಪುವುದು ಎಲ್ಲಿ

ಕುರಿಯ ಆಯ್ಕೆಯನ್ನು ಇಷ್ಟು ಹೊಗಳಿದ ಮೇಲೆ ಇದನ್ನೂ ಹೇಳಬೇಕು. ಅದು ಜಾಣ, ಸರ್ವಜ್ಞ ಅಲ್ಲ. ನಿಧಾನವಾಗಿ ಹೊಟ್ಟೆ ಕೆಡಿಸುವ ಗಿಡವನ್ನು ಕಲಿತು ಬಿಡುತ್ತದೆ, ಕೂಡಲೇ ಕೊಲ್ಲುವುದನ್ನು ಕಲಿಯಲು ಅದಕ್ಕೆ ಅವಕಾಶವೇ ಇಲ್ಲ.

ಜೋಳ ಕೊಯ್ದ ಕೂಳೆಯ ಚಿಗುರು ಇಂಥದ್ದು. ಮಂಕರಿ ಪರೀಕ್ಷೆಗೆ ಇಟ್ಟರೆ ಬಹುಶಃ ಅದೇ ಗೆಲ್ಲುತ್ತದೆ, ಅಷ್ಟು ಇಷ್ಟ. ಎಳೆಯದರಲ್ಲಿ, ಮಳೆ ಕೈಕೊಟ್ಟು ಬಾಡಿದಾಗ ಅದರಲ್ಲಿ ಸೈನೈಡ್ ನಂಜು ಹೆಚ್ಚು. ಒಂದು ವರ್ಷ ನನ್ನ ಎರಡು ಕುರಿ ಹೊಲದ ಬದುವಿನಲ್ಲೇ ಉಸಿರು ಎಳೆಯುತ್ತ ಬಿದ್ದವು, ನಾನು ರಸ್ತೆಗೆ ಓಡಿ ಬೈಕ್ ತರುವುದರೊಳಗೆ ಮುಗಿದಿತ್ತು. ಬೇಲಿಯ ಒಂದು ಮುಳ್ಳು ಸರಿಸಿ ಒಳಗೆ ಹೋಗಿದ್ದವು. ಅಂದಿನಿಂದ ಕೂಳೆ ಜೋಳ ಸೊಂಟದ ಮೇಲೆ ಬೆಳೆದು ತೆನೆಗೆ ಬರುವ ತನಕ ಆ ದಿಕ್ಕಿಗೇ ಮಂದೆ ಹೊಡೆಯುವುದಿಲ್ಲ.

ಲಂಟಾನವನ್ನು ಹೊಟ್ಟೆ ತುಂಬಿದ ಕುರಿ ಮುಟ್ಟದು, ಬೇಸಿಗೆಯಲ್ಲಿ ಬೇರೇನೂ ಇಲ್ಲದಾಗ ತಿನ್ನುತ್ತದೆ. ಮೂತಿ, ಕಿವಿ ಊದಿ, ಬಿಸಿಲು ತಾಗಿದರೆ ಚರ್ಮ ಸುಲಿಯುತ್ತದೆ. ನೆಗ್ಗಿಲು ಬಳ್ಳಿಯನ್ನೇ ಹೆಚ್ಚು ಮೇದಾಗಲೂ ಹೀಗಾಗಬಹುದು. ಅಂಥದ್ದನ್ನು ನೆರಳಿಗೆ ಕಟ್ಟಿ, ಡಾಕ್ಟರಿಗೆ ಹೇಳಿ. ಕಣಗಿಲೆ ಇನ್ನೂ ಕೆಟ್ಟದ್ದು: ಹೆದ್ದಾರಿಯ ನಡುವೆ, ಮನೆ ಮುಂದೆ ನೆಟ್ಟಿರುತ್ತಾರೆ, ಸವರಿ ಹಾಕಿದ ಕೊಂಬೆ ಬಾಡಿದಾಗ ಕುರಿಗೆ ಗುರುತು ಸಿಗುವುದಿಲ್ಲ. ಹರಳಿನ ಎಲೆ, ಬೀಜವೂ ಬೇಡ.

ಇವೆಲ್ಲಕ್ಕೂ ಮೊದಲ ತಡೆ ಒಂದೇ, ಹಸಿದ ಮಂದೆಯನ್ನು ಹೊಸ ಜಾಗಕ್ಕೆ ಬಿಡದಿರುವುದು. ನೀರು ಕುಡಿಸಿ, ಒಣಮೇವು ಒಂದಿಷ್ಟು ತಿನ್ನಿಸಿ ಹೊರಡಿ. ರೊಪ್ಪದಲ್ಲಿ ಉಪ್ಪು ಸಿಗುವ ಹಾಗಿರಲಿ, ಉಪ್ಪಿಗೆ ಹಸಿದ ಕುರಿ ಮಣ್ಣು, ಗೋಡೆ ನೆಕ್ಕುತ್ತದೆ.

ನಂಜು ತಗುಲಿತು ಅನಿಸಿದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸಿನ ನಂಬರು ಅದು. ಎಷ್ಟು ಹೊತ್ತಿಗೆ, ಎಲ್ಲಿ ಮೇದಿತು ಎಂದು ಕೇಳುತ್ತಾರೆ. ಗಾಡಿ ಬರುವುದರೊಳಗೆ ಒಬ್ಬರನ್ನು ಮೇದ ಜಾಗಕ್ಕೆ ಓಡಿಸಿ, ಕಚ್ಚಿದ ಗುರುತಿರುವ ಕೊಂಬೆಯೊಂದನ್ನು ಎಲೆ, ಕಾಯಿ ಸಮೇತ ಮುರಿದು ಚೀಲದಲ್ಲಿ ತರಿಸಿಟ್ಟುಕೊಳ್ಳಿ. ಡಾಕ್ಟರಿಗೆ ಬಾಯಲ್ಲಿ ವರ್ಣಿಸುವುದಕ್ಕಿಂತ ಆ ಕೊಂಬೆ ಕೈಗೆ ಕೊಡುವುದು ಬೇಗ.